ರಿಕ್ಷಾದ ಆ ಕಬ್ಬಿಣದ ಸರಳು

ನನ್ನ ಎಡ ಹುಬ್ಬಿನ ಮೇಲೆ ಸಣ್ಣದೊಂದು ಗೆರೆ ಇದೆ. ಹೈಸ್ಕೂಲಿಗೆ ಹೋಗುತ್ತಿದ್ದ ಕಾಲ. ಕಾರವಾರದ ಬಾಡದ ಹತ್ತಿರ ರಿಕ್ಷಾಕ್ಕೆ ದನ ಅಡ್ಡ ಬಂತು, ಡ್ರೈವರ್ ಬ್ರೇಕ್ ಒತ್ತಿದ. ಹಿಂದೆ ಕೂತಿದ್ದ ನಾನು ಸೀದಾ ಹೋಗಿ ಅವನ ಸೀಟಿನ ಹಿಂದಿನ ಸರಳಿಗೆ ಹಣೆ ಕೊಟ್ಟೆ. ದನಕ್ಕೆ ಏನೂ ಆಗಲಿಲ್ಲ. ರಿಕ್ಷಾಕ್ಕೂ ಆಗಲಿಲ್ಲ. ನನಗೆ ಮೂರು ಹೊಲಿಗೆ.

ಇಂಥ ಪೆಟ್ಟಿಗೆ ಆಸ್ಪತ್ರೆಯ ಲೆಕ್ಕದಲ್ಲಿ ಬೇರೆಯೇ ಖಾನೆ ಇದೆ. ರೋಗ, ಗಾಯಗಳಿಗೆಲ್ಲ ಒಂದೊಂದು ಅಂಕಿ ಕೊಡುವ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಪಟ್ಟಿಯಲ್ಲಿ ವಿ30ರಿಂದ ವಿ39ರವರೆಗೆ ಬರುವವರೆಲ್ಲ ಮೂರು ಚಕ್ರದ ಮೋಟಾರು ಗಾಡಿಯಲ್ಲಿದ್ದು ಗಾಯಗೊಂಡವರು. ಲಾರಿಗೋ ಬಸ್ಸಿಗೋ ಬಡಿದರೆ ವಿ34. ಯಾವುದಕ್ಕೂ ತಾಗದೆ ಪಲ್ಟಿಯಾದರೆ ವಿ38. ಹತ್ತುವಾಗ ಇಳಿಯುವಾಗ ಬಿದ್ದವರಿಗೆ, ಹೊರಗೆ ಜೋತುಬಿದ್ದು ಹೋಗುತ್ತಿದ್ದವರಿಗೂ ಒಂದೊಂದು ಅಂಕಿ! ಪಟ್ಟಿ ಮಾಡಿದವರು ನಮ್ಮ ಸಂತೆಯ ದಿನ ನೋಡಿಯೇ ಬರೆದಂತಿದೆ.

ಪಲ್ಟಿಯಾಗುವುದು ಈ ಗಾಡಿಯ ಹುಟ್ಟಿನಲ್ಲೇ ಇದೆ. ಇಟಲಿಯ ಪಿಯಾಜಿಯೊ ಕಂಪನಿ 1948ರಲ್ಲಿ ವೆಸ್ಪಾ ಸ್ಕೂಟರನ್ನೇ ಆಧಾರವಾಗಿಟ್ಟುಕೊಂಡು ಹಿಂದೆ ಎರಡು ಚಕ್ರವಿರುವ 'ಅಪೆ' ಗಾಡಿ ಮಾಡಿತು. ನಮ್ಮಲ್ಲಿ ಬಜಾಜ್‌ಗೆ 1959ರಲ್ಲಿ ಎರಡು ಮತ್ತು ಮೂರು ಚಕ್ರದ ಗಾಡಿ ತಯಾರಿಸುವ ಲೈಸೆನ್ಸ್ ಸಿಕ್ಕಿತು. 1977ರಲ್ಲಿ ಎಂಜಿನ್ ಹಿಂದಕ್ಕೆ ಹೋದ ಮಾದರಿ ಬಂತು. ಉಳಿದದ್ದು ಬಹುಮಟ್ಟಿಗೆ ಅದೇ: ಸ್ಕೂಟರಿನ ಹ್ಯಾಂಡಲ್, ಎಂಟು ಇಂಚಿನ ಚಕ್ರ, ತೆರೆದ ಬದಿ. ನೆಲಕ್ಕೆ ತಾಗುವ ಮೂರು ಬಿಂದು ಸೇರಿಸಿ ಗೆರೆ ಎಳೆದರೆ ಮುಂದೆ ಚೂಪಾದ ತ್ರಿಕೋನ. ತಿರುವಿನಲ್ಲಿ ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಿನ ಒಂದು ಮೂಲೆಗೆ ವಾಲುತ್ತದೆ. ಕಾರಿಗೆ ಅಲ್ಲೊಂದು ಚಕ್ರ ಇರುತ್ತದೆ. ರಿಕ್ಷಾಕ್ಕೆ ಇಲ್ಲ.

ಪೇಟೆಯೊಳಗೆ ನಿಧಾನಕ್ಕೆ ಓಡುವಷ್ಟು ದಿನ ಇದು ದೊಡ್ಡ ವಿಷಯವಾಗಿರಲಿಲ್ಲ. ಬಸ್ ಸ್ಟ್ಯಾಂಡಿನಿಂದ ಕೋಡಿಬಾಗ, ಅಲ್ಲಿಂದ ವಾಪಸ್, ಅಷ್ಟೇ ಅಲ್ವಾ? 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾಯಿತು. ಕಾರವಾರದ ಸ್ಟೇಷನ್ ಪೇಟೆ ಬಿಟ್ಟು ಶಿರವಾಡದಲ್ಲಿ ಬಂತು, ರಿಕ್ಷಾದ ಬಾಡಿಗೆಯೂ ಉದ್ದವಾಯಿತು. ಆಮೇಲೆ ಕರಾವಳಿಯ ಹಳೆಯ ಹೆದ್ದಾರಿ ಎನ್‌ಎಚ್ 17 ಹೆಸರು ಬದಲಿಸಿ 66 ಆಯಿತು, ನಾಲ್ಕು ಪಥವಾಯಿತು. ಈಗ ಅದೇ ಎಂಟು ಇಂಚಿನ ಚಕ್ರ ಟ್ಯಾಂಕರ್‌ಗಳ ಪಕ್ಕ ಓಡುತ್ತದೆ. ಯೂ ಟರ್ನ್ ದೂರ ಅಂತ ರಾಂಗ್ ಸೈಡಿನಲ್ಲೂ ಓಡುತ್ತದೆ. ಇದು ಡ್ರೈವರುಗಳ ತಪ್ಪೇ ಹೌದು. ಆದರೆ ಅಕ್ಕಪಕ್ಕದ ಊರಿಗೆ ಹೋಗಲೂ ಹೆದ್ದಾರಿಗೇ ಇಳಿಯುವಂತೆ ರಸ್ತೆ ಮಾಡಿದವರಿಗೂ ಅದರಲ್ಲಿ ಪಾಲಿದೆ ಎಂದೇ ನನ್ನ ಲೆಕ್ಕ.

ಬಡಿದಾಗ ಒಳಗಿನವರಿಗೆ ಆಗುವುದೇನು? ಡ್ರೈವರನ ಮೊಣಕಾಲಿಗೂ ಎದುರಿನ ವಾಹನಕ್ಕೂ ನಡುವೆ ಇರುವುದು ಒಂದು ತಗಡು. ಹಿಂದಿನವರ ಮುಖಕ್ಕೆ ಸರಳು. ಬದಿಯವರು ಹೊರಗೆ ಎಸೆಯಲ್ಪಡುತ್ತಾರೆ. ಕಾರಿಗೆ ಬಂದ ಸೀಟ್ ಬೆಲ್ಟ್ ನಿಯಮ ಮೂರು ಚಕ್ರಕ್ಕೆ ಬರಲೇ ಇಲ್ಲ. ದೆಹಲಿ ಐಐಟಿಯ ದಿನೇಶ್ ಮೋಹನ್ ಮತ್ತು ಜೊತೆಗಾರರು 1990ರ ದಶಕದಲ್ಲೇ ರಿಕ್ಷಾದ ಡಿಕ್ಕಿಯನ್ನು ಕಂಪ್ಯೂಟರಿನಲ್ಲಿ ಮಾಡಿ ನೋಡಿದ್ದರು. ಒಳಗಿನ ಗಟ್ಟಿ ಜಾಗಗಳಿಗೆ ಮೆತ್ತೆ ಹಾಕಿದರೆ ಪೆಟ್ಟು ಕಡಿಮೆಯಾಗುತ್ತದೆ ಎಂದು ತೋರಿಸಿದರು. ಮೆತ್ತೆ, ಅಷ್ಟೇ. ರಾಕೆಟ್ ವಿದ್ಯೆಯೇನಲ್ಲ. ಮೊನ್ನೆ ನಾನು ಹತ್ತಿದ ರಿಕ್ಷಾದಲ್ಲಿ ಆ ಸರಳಿಗೆ ಸುತ್ತಿದ್ದು ಬಣ್ಣದ ಪ್ಲಾಸ್ಟಿಕ್ ಟೇಪು.

ಪೆಟ್ಟು ಬಿದ್ದ ಮೇಲಿನ ಕಥೆ ಇನ್ನೂ ಉದ್ದ. ರಿಕ್ಷಾಕ್ಕೆ ಪರ್ಮಿಟ್ ಇರುವುದು ಮೂರು ಜನಕ್ಕೆ. ಜಾಸ್ತಿ ಹಾಕಿದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ತಲೆಗೆ 200 ರೂಪಾಯಿ ದಂಡ. ಸ್ಟ್ಯಾಂಡಿನಲ್ಲಿ ಕೇಳಿದರೆ, ಮೂರೇ ಜನ ಕೂರಿಸಿದರೆ ಡೀಸೆಲ್ಲಿಗೂ ಸಾಲೂದಿಲ್ಲ ಅನ್ನುತ್ತಾರೆ. ದಂಡ ಸಣ್ಣದು, ದೊಡ್ಡದು ವಿಮೆಯದ್ದು. 2007ರಲ್ಲಿ ಸುಪ್ರೀಂ ಕೋರ್ಟ್ ಒಂದು ಬಸ್ಸಿನ ಕೇಸಿನಲ್ಲಿ, ವಿಮಾ ಕಂಪನಿಯ ಹೊಣೆ ಪರ್ಮಿಟ್‌ನಷ್ಟು ಜನಕ್ಕೆ ಮಾತ್ರ ಎಂದಿತು. ಅದನ್ನು ರಿಕ್ಷಾಕ್ಕೆ ತಂದು ನೋಡಿ: ಆರು ಜನ ಗಾಯಗೊಂಡರೆ ಕಂಪನಿ ಕಟ್ಟುವುದು ಮೂರು ಜನರ ದುಡ್ಡು, ಹಂಚಿಕೊಳ್ಳುವುದು ಆರು ಜನ. ಉಳಿದದ್ದನ್ನು ರಿಕ್ಷಾದ ಮಾಲೀಕನಿಂದ ವಸೂಲಿ ಮಾಡಬೇಕು. ಸಾಲದಲ್ಲಿ ಗಾಡಿ ತೆಗೆದವನ ಹತ್ತಿರ ಏನಿರುತ್ತದೆ?

ಗೂಡ್ಸ್ ರಿಕ್ಷಾದ್ದು ಇನ್ನೂ ಕಷ್ಟ. ಸರಕು ಗಾಡಿಯಲ್ಲಿ ಸುಮ್ನೆ ಹತ್ತಿ ಹೋಗುವವರಿಗೆ ವಿಮೆ ಇಲ್ಲವೆಂದು 2002ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ಕಾಯ್ದೆಯ 1994ರ ತಿದ್ದುಪಡಿಯಿಂದ ಸರಕಿನ ಮಾಲೀಕರಿಗೆ ಅಥವಾ ಅವರ ಅಧಿಕೃತ ಪ್ರತಿನಿಧಿಗೆ ಮಾತ್ರ ರಕ್ಷಣೆ ಸಿಕ್ಕಿದೆ. ಮುಂದಿನ ತೀರ್ಪೊಂದು ಅದಕ್ಕೂ ಷರತ್ತು ಹಾಕಿತು: ಮಾಲೀಕರು ಕ್ಯಾಬಿನ್ನಿನಲ್ಲಿ ಕೂತಿರಬೇಕು.

ಕಾರವಾರದ ಮೀನುಗಾರಿಕೆ ಬಂದರು ಬೈತಖೋಲದಿಂದ ಬೆಳಿಗ್ಗೆ ಮೀನಿನ ಬುಟ್ಟಿ ಹೇರಿಕೊಂಡು ಹೊರಡುವ ಗೂಡ್ಸ್ ರಿಕ್ಷಾ ನೋಡಿ. ಬುಟ್ಟಿಗಳ ನಡುವೆ ಸೆರಗು ಸಿಕ್ಕಿಸಿಕೊಂಡು ಕೂತ ಹೆಂಗಸರೇ ಆ ಮೀನಿನ ಮಾಲೀಕರು. ಕ್ಯಾಬಿನ್ನಿನಲ್ಲಿ ಇರುವುದು ಡ್ರೈವರನ ಸೀಟು ಒಂದೇ.