ಸರಿ ಉತ್ತರದೊಳಗಿನ ತಪ್ಪು

ಗಿಡ ಯಾವಾಗ ಉಸಿರಾಡುತ್ತದೆ? 'ಹಗಲೂ ರಾತ್ರಿಯೂ' ಎಂದು ಗುರುತು ಹಾಕಿದವರಿಗೆ ಪೂರ್ತಿ ಅಂಕ. ಆದರೆ ಕಾರಣ ಕೇಳಿ ನೋಡಿ: 'ಹಗಲು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತೆ, ರಾತ್ರಿ ಆಮ್ಲಜನಕ.' ಗಿಡ ಬೆಳಕಿನಲ್ಲಿ ಆಹಾರ ತಯಾರಿಸುವ ದ್ಯುತಿಸಂಶ್ಲೇಷಣೆಯನ್ನೇ ಅದರ ಹಗಲಿನ ಉಸಿರಾಟ ಎಂದುಕೊಂಡ ಈ ಮಗು ಅಂಕಪಟ್ಟಿಯಲ್ಲಿ ಎಲ್ಲೂ ಸಿಕ್ಕಿಬೀಳುವುದಿಲ್ಲ.

ಮಕ್ಕಳ ಮನಸ್ಸು ಖಾಲಿ ಹಲಗೆಯಲ್ಲ ಎಂಬುದು ಹೊಸ ಮಾತೇನಲ್ಲ. 1920ರ ದಶಕದಲ್ಲೇ ಸ್ವಿಸ್ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಮಕ್ಕಳನ್ನು ಮಾತಿಗೆಳೆದು, ಚಲಿಸುವ ಸೂರ್ಯ, ಗಾಳಿಗೂ ಅವರು ಜೀವ ಕೊಡುತ್ತಾರೆಂದು ತೋರಿಸಿದ್ದರು. ಕಲಿಯುವವನಿಗೆ ಮೊದಲೇ ಏನು ಗೊತ್ತಿದೆ ಎಂಬುದೇ ಕಲಿಕೆಯ ಮೇಲೆ ಎಲ್ಲಕ್ಕಿಂತ ಹೆಚ್ಚು ಪ್ರಭಾವ ಬೀರುತ್ತದೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಆಸುಬೆಲ್ 1968ರಲ್ಲಿ ಬರೆದರು. ಆದರೆ ತರಗತಿ ತುಂಬ ಮಕ್ಕಳಿರುವಾಗ ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿಸುವುದು ಯಾವ ಶಿಕ್ಷಕರಿಗೆ ಸಾಧ್ಯ?

ಆಸ್ಟ್ರೇಲಿಯಾದಲ್ಲಿ ಸಂಶೋಧಕರಾದ ಹ್ಯಾಸ್ಲಮ್ ಮತ್ತು ಡೇವಿಡ್ ಟ್ರೀಗಸ್ಟ್ ಇದಕ್ಕೊಂದು ದಾರಿ ಕಂಡುಕೊಂಡರು. ದ್ಯುತಿಸಂಶ್ಲೇಷಣೆ ಮತ್ತು ಉಸಿರಾಟದ ಬಗ್ಗೆ 1987ರಲ್ಲಿ ಅವರು ಪ್ರಕಟಿಸಿದ ನೈದಾನಿಕ ಪರೀಕ್ಷೆಯಲ್ಲಿ (ತಪ್ಪು ತಿಳಿವಳಿಕೆ ಎಲ್ಲಿದೆ ಎಂದು ಪತ್ತೆಹಚ್ಚುವ ಪರೀಕ್ಷೆ) ಪ್ರತಿ ಪ್ರಶ್ನೆಗೂ ಎರಡು ಹಂತ: ಮೊದಲು ಉತ್ತರ, ಆಮೇಲೆ ಅದಕ್ಕೆ ಕಾರಣ. ಈ ವಿಧಾನದ ಜೀವಾಳವಿರುವುದು ತಪ್ಪು ಆಯ್ಕೆಗಳಲ್ಲಿ ಎಂದೇ ನನ್ನ ಅನಿಸಿಕೆ. ಪ್ರಶ್ನೆಪತ್ರಿಕೆ ತಯಾರಿಸುವವರು ಅವನ್ನು ಮನಸ್ಸಿಗೆ ತೋಚಿದಂತೆ ಕಟ್ಟುವುದಿಲ್ಲ. ವಿದ್ಯಾರ್ಥಿಗಳೇ ಸಂದರ್ಶನದಲ್ಲಿ ಹೇಳಿದ, ತಾವೇ ಬರೆದ ಕಾರಣಗಳಿಂದ ಆರಿಸುತ್ತಾರೆ. ಹಾಗಾಗಿ ಮಗು ತನ್ನದೇ ಯೋಚನೆಯನ್ನು ಕಾಗದದ ಮೇಲೆ ಕಂಡು ಗುರುತು ಹಾಕುತ್ತದೆ. 1995ರಲ್ಲಿ ಸಂಶೋಧಕರಾದ ಓಡಮ್ ಮತ್ತು ಬ್ಯಾರೋ ಇದೇ ಮಾದರಿಯನ್ನು ವಿಸರಣ (ಕಣಗಳು ದಟ್ಟವಾಗಿರುವ ಕಡೆಯಿಂದ ವಿರಳವಾಗಿರುವ ಕಡೆಗೆ ಹರಡುವುದು), ಅಭಿಸರಣಗಳಿಗೂ (ತೆಳು ಪೊರೆಯ ಮೂಲಕ ನೀರು ಹಾಯುವುದು) ತಂದರು.

ಊಹೆಯ ಗುರುತನ್ನು ಬೇರ್ಪಡಿಸಲು ಮುಂದೆ 'ಎಷ್ಟು ಖಚಿತ?' ಎಂಬ ಪ್ರಶ್ನೆಯೂ ಸೇರಿತು. ಗೊತ್ತಿಲ್ಲದೆ ತಪ್ಪುವುದೇ ಬೇರೆ, ಗಟ್ಟಿಯಾಗಿ ನಂಬಿ ತಪ್ಪುವುದೇ ಬೇರೆ. ಮೊದಲನೆಯದಕ್ಕೆ ಪಾಠ ಸಾಕು; ಎರಡನೆಯದಕ್ಕೆ ನಂಬಿಕೆಯನ್ನೇ ಎದುರಿಗಿಟ್ಟು ಪರೀಕ್ಷಿಸಬೇಕು.

ಇಂಥ ತಪ್ಪುಗಳನ್ನು ದಡ್ಡತನ ಎನ್ನಲು ನನಗೆ ಮನಸ್ಸಿಲ್ಲ. ಮರದ ತೂಕವೆಲ್ಲ ಮಣ್ಣಿನಿಂದ ಬಂತು ಎನ್ನುವ ಮಕ್ಕಳು ಇಂದಿಗೂ ಇದ್ದಾರೆ. 17ನೇ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬ ವಿಜ್ಞಾನಿ 200 ಪೌಂಡ್ ಒಣಮಣ್ಣಿನಲ್ಲಿ ನೆಟ್ಟ ವಿಲ್ಲೋ ಸಸಿ ಐದು ವರ್ಷದಲ್ಲಿ 5 ಪೌಂಡ್‌ನಿಂದ 169ಕ್ಕೆ ಬೆಳೆಯಿತು; ಮಣ್ಣು ಕರಗಿದ್ದು ಸುಮಾರು ಎರಡು ಔನ್ಸ್ ಮಾತ್ರ. ಮಣ್ಣಲ್ಲ ಎಂದು ಸಾಧಿಸಿದ ಅವನೂ ಎಲ್ಲವೂ ನೀರಿನಿಂದಲೇ ಬಂತು ಎಂದು ತೀರ್ಮಾನಿಸಿದ. ಎಲೆಗಳ ಸುತ್ತಲಿದ್ದ ಗಾಳಿ ಅವನ ಲೆಕ್ಕಕ್ಕೇ ಬರಲಿಲ್ಲ.