ಮರದ ಮೆಟ್ಟಿಲು ಕಿರುಗುಟ್ಟಿದರೆ ಮೊಳೆ ಹೆಚ್ಚಿಸಬೇಕೇ?

ಪ್ರಶ್ನೆ: ಗಟ್ಟಿ ಮರದಲ್ಲಿ ಮಾಡಿಸಿದ ಮನೆಯೊಳಗಿನ ಮೆಟ್ಟಿಲು ಮೊದಲ ವರ್ಷ ಸದ್ದಿಲ್ಲದೆ ಇತ್ತು. ಈಗ ಕೆಲವು ಮೆಟ್ಟಿಲುಗಳ ಮೇಲೆ ಕಾಲಿಟ್ಟರೆ ಕಿರ್ರೆನ್ನುತ್ತದೆ; ಬದಿಯ ಅಂಚಿನಲ್ಲಿ ಸಂದೂ ಕಾಣಿಸಿಕೊಂಡಿದೆ. ಇನ್ನಷ್ಟು ಮೊಳೆ ಹೊಡೆಸಿದರೆ ಸರಿಹೋಗುತ್ತದೆಯೇ? ಹೊಸದಾಗಿ ಮಾಡಿಸುವವರು ಎಂಥ ಜೋಡಣೆ ಮಾಡಿಸಬೇಕು?

ಉತ್ತರ: ಮೊಳೆಯಿಂದ ಸದ್ದು ಕೆಲವು ದಿನ ಅಡಗಬಹುದು, ನಿಲ್ಲುವುದಿಲ್ಲ. ಕಾಲಿಡುವ ಅಡ್ಡ ಹಲಗೆಯನ್ನು ಟ್ರೆಡ್ ಎಂದೂ, ಅದರಡಿ ನೆಟ್ಟಗೆ ನಿಲ್ಲುವ ಹಲಗೆಯನ್ನು ರೈಸರ್ ಎಂದೂ, ಇವೆರಡನ್ನೂ ಎರಡು ಬದಿಗಳಲ್ಲಿ ಹೊತ್ತು ಓರೆಯಾಗಿ ಏರುವ ಹಲಗೆಯನ್ನು ಸ್ಟ್ರಿಂಗರ್ ಎಂದೂ ಕರೆಯುತ್ತಾರೆ. ಈ ಮೂರರ ನಡುವೆ ಎಲ್ಲಿಯಾದರೂ ಕೂದಲೆಳೆಯಷ್ಟು ಸಂದು ಬಿದ್ದರೆ, ದೇಹದ ಭಾರಕ್ಕೆ ಹಲಗೆ ಬಾಗಿ, ಪಕ್ಕದ ಮರಕ್ಕೋ ಮೊಳೆಯ ಮೈಗೋ ಉಜ್ಜಿಕೊಳ್ಳುತ್ತದೆ. ನಾವು ಕೇಳುವುದು ಆ ಉಜ್ಜಾಟದ ಸದ್ದನ್ನು. ನುಣುಪಾದ ಮೊಳೆ ಮರವನ್ನು ಹಿಡಿದಿಡುವುದು ಘರ್ಷಣೆಯಿಂದ ಮಾತ್ರ. ಮರ ಹಿಗ್ಗಿ ಕುಗ್ಗುತ್ತ ಆ ಹಿಡಿತವನ್ನು ಸಡಿಲಿಸಿದ ಮೇಲೆ, ಹೊಸ ಮೊಳೆಯೆಂದರೆ ಉಜ್ಜಿಕೊಳ್ಳಲು ಇನ್ನೊಂದು ಜಾಗ ಸಿಕ್ಕಂತೆಯೇ.

ಸಂದು ಬೀಳುವುದು ಬಹುಪಾಲು ತೇವಾಂಶದಿಂದ. ಮರವು ಎಳೆಯ (ಮರದ ನಾರಿನ) ಉದ್ದಕ್ಕೆ ಲೆಕ್ಕಕ್ಕೆ ಬಾರದಷ್ಟು ಮಾತ್ರ ಬದಲಾಗುತ್ತದೆ, ಆದರೆ ಎಳೆಗೆ ಅಡ್ಡವಾಗಿ ಗಣನೀಯವಾಗಿ ಹಿಗ್ಗಿ ಕುಗ್ಗುತ್ತದೆ. 270 ಮಿ.ಮೀ. ಅಗಲದ ಟ್ರೆಡ್ ಒಂದು ತೇವದ ಋತುವಿನಿಂದ ಒಣ ಋತುವಿಗೆ ಬರುವಷ್ಟರಲ್ಲಿ, ಮರದ ಜಾತಿ ಮತ್ತು ಕೊಯ್ದ ರೀತಿಗೆ ತಕ್ಕಂತೆ, 2ರಿಂದ 4 ಮಿ.ಮೀ.ವರೆಗೆ ಕಿರಿದಾಗಬಲ್ಲದು. ಆದ್ದರಿಂದ ಒಳ್ಳೆಯ ಬಡಗಿ ಮೊದಲು ಯೋಚಿಸುವುದು ಮೊಳೆಯೋ ಸ್ಕ್ರೂವೋ ಎಂದಲ್ಲ. ಯಾವ ಅಂಚನ್ನು ಅಲುಗದಂತೆ ಬಿಗಿಯಬೇಕು, ಯಾವುದನ್ನು ಸರಿದಾಡಲು ಬಿಡಬೇಕು ಎಂಬುದನ್ನು.

ಬಿಗಿಯಬೇಕಾದ ಕಡೆ ನನ್ನ ಒಲವು ಹಳೆಯ ಬೆಣೆ ಜೋಡಣೆಯ ಕಡೆಗೇ. ಇದರಲ್ಲಿ ಸ್ಟ್ರಿಂಗರಿನ ಒಳಮೈಯಲ್ಲಿ ಸುಮಾರು 12 ಮಿ.ಮೀ. ಆಳದ ಗಾಡಿಗಳನ್ನು, ಅಂದರೆ ಹಲಗೆಯ ತುದಿ ಕೂರುವ ತೋಡುಗಳನ್ನು, ತೆಗೆಯುತ್ತಾರೆ. ಗಾಡಿಯ ಮೇಲಂಚು ಟ್ರೆಡ್ಡಿನ ಮೇಲ್ಮೈಗೆ ಸರಿಯಾಗಿ ನೇರವಾಗಿರುತ್ತದೆ, ಕೆಳಂಚು ಮಾತ್ರ ಹಿಂದಕ್ಕೆ ಹೋದಂತೆ ಅಗಲವಾಗುತ್ತದೆ. ಟ್ರೆಡ್ಡನ್ನು ಗಾಡಿಯೊಳಗೆ ಕೂರಿಸಿ, ಉಳಿದ ಜಾಗಕ್ಕೆ ಅದೇ ಓರೆಯ ಬೆಣೆಯನ್ನು ಅಂಟು ಸವರಿ ಹಿಂದಿನಿಂದ ಬಡಿದಾಗ, ಹಲಗೆ ಮೇಲಂಚಿಗೆ ಒತ್ತಿಕೊಳ್ಳುತ್ತದೆ, ಕಣ್ಣಿಗೆ ಬೀಳುವ ಗೆರೆಯೂ ತಾನಾಗಿ ಮುಚ್ಚಿಕೊಳ್ಳುತ್ತದೆ. ರೈಸರಿಗೂ ಇದೇ ಕ್ರಮ. ರೈಸರಿನ ಮೇಲಂಚು ಟ್ರೆಡ್ಡಿನ ಅಡಿಯಲ್ಲಿ ತೆಗೆದ ಸಣ್ಣ ಗಾಡಿಯೊಳಗೆ ಕೂರುತ್ತದೆ. ಕೆಳಂಚನ್ನು ಹಿಂದಿನಿಂದ, ಸುಮಾರು 200 ಮಿ.ಮೀ. ಅಂತರಕ್ಕೊಂದರಂತೆ, ಕೆಳಗಿನ ಟ್ರೆಡ್ಡಿನ ಹಿಂಬದಿಗೆ ಸ್ಕ್ರೂ ಹಾಕಿ ಬಿಗಿಯುತ್ತಾರೆ. ಟ್ರೆಡ್ ಮತ್ತು ರೈಸರ್ ಸೇರುವ ಒಳಮೂಲೆಗೆ ಎರಡು ಮೂರು ಮರದ ತುಂಡುಗಳನ್ನು ಅಂಟಿನಿಂದ ಕೂರಿಸಿದರೆ ಮೆಟ್ಟಿಲು ಒಂದೇ ಪೆಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಮುಗಿದ ಮೇಲೆ ಇವು ಯಾವುವೂ ಹೊರಗೆ ಕಾಣುವುದಿಲ್ಲವಾದ್ದರಿಂದ, ಅವಸರದ ಕೆಲಸದಲ್ಲಿ ಮೊದಲು ಕೈಬಿಟ್ಟುಹೋಗುವುದೂ ಇವೇ.

ಗಾಡಿಯನ್ನು ಉಳಿ, ಗರಗಸಗಳಿಂದಲೂ ತೆಗೆಯಬಹುದು. ಈಗ ಸಾಮಾನ್ಯವಾಗಿ ಮರದಲ್ಲಿ ತೋಡು ಕೊರೆಯುವ ರೂಟರ್ ಯಂತ್ರಕ್ಕೆ ಗೈಡ್ ಬುಷ್ (ಅಚ್ಚಿಗೆ ತಾಗಿ ಸಾಗುವ ಲೋಹದ ಬಳೆ) ಸಿಕ್ಕಿಸಿ, ಪ್ಲೈವುಡ್ ಅಚ್ಚಿನ ಅಂಚನ್ನು ಹಿಡಿದು ಓಡಿಸುತ್ತಾರೆ. ಅಚ್ಚನ್ನು ಪ್ರತಿ ಮೆಟ್ಟಿಲಿಗೂ ಒಂದೇ ಗೆರೆಯ ಮೇಲೆ ಸರಿಸಿ ಕ್ಲ್ಯಾಂಪ್ ಹಾಕಬೇಕು. ಈ ಗೆರೆ ತಪ್ಪಿದರೆ ಯಂತ್ರ ಎಷ್ಟು ದುಬಾರಿಯದಾದರೂ ಪ್ರಯೋಜನವಿಲ್ಲ. ಮೊದಲ ಗಾಡಿಯನ್ನು ಬೇಡದ ಮರದ ಮೇಲೆ ತೆಗೆದು, ಟ್ರೆಡ್ಡಿನ ತುಂಡೊಂದನ್ನೂ ಬೆಣೆಯನ್ನೂ ಕೂರಿಸಿ ನೋಡುವುದು ಕಡ್ಡಾಯವೆಂದೇ ಹೇಳುತ್ತೇನೆ.

ಮೆಟ್ಟಿಲಿನ ಚೌಕಟ್ಟು ಈಗಾಗಲೇ ನಿಂತಿದ್ದು, ಎರಡು ಬದಿಗೆ ಅಲಂಕಾರದ ಹಲಗೆ ಕೂರಿಸಿ ನಡುವೆ ಟ್ರೆಡ್ ಇಳಿಸುವ ಕೆಲಸವಾದರೆ ಕಷ್ಟವೇ ಬೇರೆ. ಆ ಎರಡು ಹಲಗೆಗಳು ಒಂದಕ್ಕೊಂದು ಸಮಾನಾಂತರವಾಗಿರುವುದು ಅಪರೂಪ, ಆದುದರಿಂದ ಟೇಪಿನ ಅಳತೆಯನ್ನು ನೆಚ್ಚುವಂತಿಲ್ಲ. ಎರಡು ತುದಿಗಳಲ್ಲೂ ತಿರುಗುವ ಪಟ್ಟಿಗಳಿರುವ ಅಳತೆಗೋಲನ್ನು ಜಾಗದಲ್ಲಿಟ್ಟು, ಪಟ್ಟಿಗಳನ್ನು ಬದಿಗೆ ಒತ್ತಿ ಬಿಗಿದು, ಆ ಕೋನವನ್ನು ಹಾಗೆಯೇ ಹಲಗೆಯ ಮೇಲೆ ಗೆರೆ ಎಳೆದುಕೊಳ್ಳಬೇಕು. ಕೊಯ್ಯುವಾಗ ಗರಗಸವನ್ನು ಎರಡು ಮೂರು ಡಿಗ್ರಿ ಓರೆಯಾಗಿಸಿದರೆ ಹಲಗೆಯ ತುದಿಯಲ್ಲಿ ಮೇಲಂಚು ಮಾತ್ರ ಬದಿಗೆ ತಾಗುತ್ತದೆ. ಬಳಿಕ ಸಣ್ಣ ಕೀಸುಳಿಯಿಂದ ಒಂದೆರಡು ಸಲ ಸವರಿದರೆ ಹಲಗೆ ಅಂಟಿದಂತೆ ಕೂರುತ್ತದೆ. ಇಲ್ಲಿ ಬೆಣೆಗೆ ಜಾಗವಿಲ್ಲ. ಟ್ರೆಡ್ಡಿನ ಅಡಿಗೆ ಪಾಲಿಯುರೆಥೇನ್ ಅಂಟಿನ ದಪ್ಪ ಗೆರೆ ಎಳೆಯುವುದು ಒಳ್ಳೆಯದು, ಏಕೆಂದರೆ ಚೌಕಟ್ಟಿನ ಏರುತಗ್ಗುಗಳನ್ನು ಅದು ತುಂಬುತ್ತದೆ.

ಸರಿದಾಡಲು ಬಿಡಬೇಕಾದ ಜಾಗ, ಒಂದು ಬದಿ ತೆರೆದಿರುವ ಮೆಟ್ಟಿಲುಗಳಲ್ಲಿ ಎದುರಾಗುತ್ತದೆ. ಅಂಥಲ್ಲಿ ಟ್ರೆಡ್ಡಿನ ತುದಿಯ ಎಳೆ ಕಾಣದಂತೆ, ಮುಂಭಾಗದಲ್ಲಿ 45 ಡಿಗ್ರಿ ಮೂಲೆ ಸೇರಿಸಿ, ಒಂದು ಪಟ್ಟಿಯನ್ನು ಕೂರಿಸುತ್ತಾರೆ. ಪಟ್ಟಿ ತನ್ನ ಉದ್ದಕ್ಕೆ ಬದಲಾಗದು, ಟ್ರೆಡ್ ತನ್ನ ಅಗಲಕ್ಕೆ ಬದಲಾಗದೆ ಇರದು. ಪಟ್ಟಿಯನ್ನು ಉದ್ದಕ್ಕೂ ಅಂಟಿಸಿಬಿಟ್ಟರೆ ಒಂದೋ ಟ್ರೆಡ್ ಸೀಳುತ್ತದೆ, ಇಲ್ಲವೇ ಮುಂದಿನ ಮೂಲೆ ಬಾಯಿ ಬಿಡುತ್ತದೆ. ಮುಂದಿನ ಮೂಲೆಗೂ ಅದರ ಪಕ್ಕದ ಒಂದಿಷ್ಟು ಭಾಗಕ್ಕೂ ಮಾತ್ರ ಅಂಟು ಹಾಕಿ, ಹಿಂದಿನ ತುದಿಯನ್ನು ಉದ್ದನೆಯ ತೂತಿನಲ್ಲಿ ಸರಿಯುವ ಸ್ಕ್ರೂವಿಗೋ ಜಾರುವ ಡವ್‌ಟೇಲಿಗೋ (ಪಾರಿವಾಳದ ಬಾಲದಂತೆ ಅಗಲವಾಗುವ ಜೋಡಣೆಗೋ) ಬಿಡುವುದೇ ಸರಿಯಾದ ಕ್ರಮ. ನಿಮ್ಮಲ್ಲಿ ಕಂಡ ಸಂದು ಈ ಪಟ್ಟಿಯ ಬಳಿಯದಾದರೆ, ಅದಕ್ಕೆ ಮೊಳೆ ಹೊಡೆಯುವುದು ಸೀಳನ್ನು ಕರೆದಂತೆ.

ಈಗಿರುವ ಮೆಟ್ಟಿಲಿನ ರಿಪೇರಿಗೆ, ಒಬ್ಬರು ಮೇಲೆ ನಡೆಯುವಾಗ ಇನ್ನೊಬ್ಬರು ಕೆಳಗಿನಿಂದ ಸದ್ದಿನ ಜಾಗ ಗುರುತಿಸಬೇಕು. ಅಡಿಭಾಗ ತೆರೆದಿದ್ದರೆ, ಸಡಿಲವಾದ ಬೆಣೆಯನ್ನು ತೆಗೆದು ಹೊಸದನ್ನು ಅಂಟಿನೊಂದಿಗೆ ಕೂರಿಸಿ, ಒಳಮೂಲೆಯ ತುಂಡುಗಳನ್ನು ಹೊಸದಾಗಿ ಅಂಟಿಸಿದರೆ ಬಹಳಷ್ಟು ಸಲ ಕೆಲಸ ಅಲ್ಲಿಗೇ ಮುಗಿಯುತ್ತದೆ. ಬೆಣೆಯನ್ನು ಮಿತಿಮೀರಿ ಬಡಿಯಬಾರದು. ಟ್ರೆಡ್ ಮೇಲೆದ್ದರೆ ಪಕ್ಕದಲ್ಲಿ ಹೊಸ ಸಂದು ತೆರೆಯುತ್ತದೆ. ಅಡಿಭಾಗ ಮುಚ್ಚಿಹೋಗಿದ್ದರೆ, ರೈಸರಿನ ನೇರಕ್ಕೆ ಟ್ರೆಡ್ಡಿನ ಮೇಲಿನಿಂದ ಮೊದಲು ಸಣ್ಣ ತೂತು ಕೊರೆದು, ಒಂದಕ್ಕೊಂದು ಎದುರು ಓರೆಯಾಗಿ ಎರಡೆರಡು ಸ್ಕ್ರೂಗಳನ್ನು ಇಳಿಸಬೇಕು. ಅವುಗಳ ತಲೆಯನ್ನು 10 ಮಿ.ಮೀ. ಒಳಗೆ ಹುದುಗಿಸಿ, ಅದೇ ಜಾತಿಯ ಮರದ ಬಿರಡೆಯನ್ನು ಎಳೆ ಹೊಂದುವಂತೆ ತಿರುಗಿಸಿ ಅಂಟಿಸಿ, ಒಣಗಿದ ಮೇಲೆ ಹರಿತವಾದ ಉಳಿಯಿಂದ ಮಟ್ಟಕ್ಕೆ ಸವರಬೇಕು.