ಮಟನ್ ರೋಸ್ಟ್ ಮನೆಯಲ್ಲಿ ಮಾಡಿದರೆ ಯಾಕೆ ಗಟ್ಟಿಯಾಗುತ್ತದೆ?

ಪ್ರಶ್ನೆ: ಬನ್ನೂರು ಕುರಿ ಅಂತ ಜಾಸ್ತಿ ದುಡ್ಡು ಕೊಟ್ಟು ಇಡೀ ತೊಡೆ ತಂದೆ. ಓಟಿಜಿಯಲ್ಲಿ ರೋಸ್ಟ್ ಮಾಡಿದೆ. ಮಸಾಲೆ ಚೆನ್ನಾಗಿತ್ತು, ಮಾಂಸ ಮಾತ್ರ ಜಗಿಯಲಾಗದಷ್ಟು ಗಟ್ಟಿ. ಎಲ್ಲಿ ತಪ್ಪಿತು?
– ಓದುಗರು, ಮೈಸೂರು

ಉತ್ತರ: ಮಾಂಸ ತಂದಿದ್ದು ಭಾನುವಾರ ಬೆಳಿಗ್ಗೆ, ಓವನ್‌ಗೆ ಹೋಗಿದ್ದು ಅದೇ ಮಧ್ಯಾಹ್ನ, ಅಲ್ವಾ? ಹಾಗಿದ್ದರೆ ಕುರಿಯನ್ನು ಬೈಯಬೇಡಿ.

ಕಣ್ಣೆದುರೇ ಕೊಯ್ದ ಬಾಡೇ ರುಚಿ ಅನ್ನುವುದು ಮೈಸೂರು, ಮಂಡ್ಯ ಕಡೆಯ ಗಟ್ಟಿ ನಂಬಿಕೆ. ಸಾರಿಗಾದರೆ ಒಪ್ಪುವ ಮಾತೇ. ಆದರೆ ಕೊಯ್ದ ಕೆಲವೇ ಗಂಟೆಗಳಲ್ಲಿ ಮಾಂಸ ಸೆಟೆದುಕೊಳ್ಳುತ್ತದೆ. ಅದು ಸಡಿಲವಾಗಲು ಫ್ರಿಜ್‌ನಲ್ಲಿ ಒಂದು ದಿನವಾದರೂ ಬೇಕು. ಸಾರಿನಲ್ಲಿ ನೀರು ಹಾಕಿ ಬೇಯಿಸುತ್ತಲೇ ಇರುತ್ತೇವೆ, ಹಾಗಾಗಿ ಗೊತ್ತಾಗುವುದಿಲ್ಲ. ಓವನ್ನಿನ ಒಣ ಶಾಖದಲ್ಲಿ ಎಲ್ಲ ಬಯಲಾಗುತ್ತದೆ.

ಆದ್ದರಿಂದ ಭಾನುವಾರದ ರೋಸ್ಟ್‌ಗೆ ಶನಿವಾರವೇ ಮಾಂಸ ತನ್ನಿ. ಶನಿವಾರ ಬಾಡು ಒಳಗೆ ಬರಕೂಡದು ಅನ್ನುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಂಥವರು ಭಾನುವಾರ ತಂದು ಮಂಗಳವಾರ ಮಾಡಿ. ಫ್ರಿಜ್‌ನಲ್ಲಿ ಎರಡು ದಿನಕ್ಕೆ ಏನೂ ಆಗುವುದಿಲ್ಲ.

ಇನ್ನು ಬನ್ನೂರು ಕುರಿಯ ವಿಷಯ. ಮಳವಳ್ಳಿ, ತಿ. ನರಸೀಪುರದ ಕಡೆಯ ಈ ತಳಿ ಕುಳ್ಳಗೆ, ದುಂಡಗೆ ಇರುತ್ತದೆ. ಹಿಂದಿನಿಂದ ನೋಡಿದರೆ ತೊಡೆಗಳ ನಡುವೆ ಕಮಾನಿನ ಆಕಾರ ಕಾಣುತ್ತದೆ. ಬೋರ್ಡಿನ ಮೇಲೆ ಬನ್ನೂರು ಅಂತ ಬರೆದ ಮಾತ್ರಕ್ಕೆ ಎಲ್ಲವೂ ಬನ್ನೂರಲ್ಲ. ಚರ್ಮ ಸುಲಿದ ಮೇಲೆ ತಳಿ ಹೇಳುವುದು ಕಷ್ಟ, ವಯಸ್ಸನ್ನು ಅಂದಾಜು ಮಾಡಬಹುದು. ತಲೆ ಅಲ್ಲೇ ಇದ್ದರೆ ಬಾಯಿ ತೆರೆದು ತೋರಿಸಲು ಹೇಳಿ. ಕೆಳಗಿನ ಸಾಲಿನ ಮುಂಭಾಗದಲ್ಲಿ ಬರೀ ಹಾಲುಹಲ್ಲಿದ್ದರೆ ಅದು ಎಳೆ ಮರಿ, ಸುಮಾರು ಒಂದು ವರ್ಷದೊಳಗಿನದು. ಎರಡು ದೊಡ್ಡ ಹಲ್ಲು ಬಂದಿದ್ದರೂ ಪರವಾಗಿಲ್ಲ. ಆರು ಹಲ್ಲಿನದಾದರೆ ರೋಸ್ಟ್ ಆಸೆ ಬಿಟ್ಟು ಸಾರು ಮಾಡಿ. ಮಾಂಸ ಕಡುಗೆಂಪಾಗಿರದೆ ತಿಳಿಗೆಂಪಾಗಿರಲಿ. ಕೊಬ್ಬು ಬೆಳ್ಳಗೆ, ಬಿಗಿಯಾಗಿರಲಿ. ಮತ್ತೆ, ಅಂಗಡಿಯವರು ಕತ್ತಿ ಎತ್ತುವ ಮೊದಲೇ ‘ಕಡೀಬೇಡಿ, ಇಡಿಯಾಗಿ ಕೊಡಿ’ ಅನ್ನಿ. ಅವರ ಕೈ ಅಭ್ಯಾಸಬಲದಿಂದ ಸಾರಿನ ತುಂಡೇ ಮಾಡಿಬಿಡುತ್ತದೆ.

ತಂದ ದಿನವೇ ಕೆಜಿಗೆ ಎರಡು ಚಹಾ ಚಮಚ ಪುಡಿ ಉಪ್ಪು ಸವರಿ, ಫ್ರಿಜ್‌ನ ಕೆಳಗಿನ ತಟ್ಟಿನಲ್ಲಿ ಮುಚ್ಚದೆ ಇಡಿ. ಉಪ್ಪು ಒಳಗಿಳಿಯುತ್ತದೆ, ಮೇಲ್ಮೈ ಒಣಗುತ್ತದೆ. ಒಣಗಿದರೇನೇ ಚೆನ್ನಾಗಿ ಕೆಂಪಗಾಗುವುದು. ಪರಂಗಿಕಾಯಿ ಹಚ್ಚುವುದು ನನಗೆ ಸೇರುವುದಿಲ್ಲ. ಮೇಲೆ ಹಿಟ್ಟಾಗುತ್ತದೆ, ಒಳಗೆ ಇದ್ದ ಹಾಗೇ ಇರುತ್ತದೆ. ಕಾಳುಮೆಣಸು, ಬೆಳ್ಳುಳ್ಳಿ, ಧನಿಯಾ, ಸ್ವಲ್ಪ ಎಣ್ಣೆ ಸಾಕು. ಕಾಯಿ ರುಬ್ಬಿ ಹಾಕಿದರೆ ಸೀಯುತ್ತದೆ.

ಒಂದೂವರೆ ಕೆಜಿ ತೊಡೆಗೆ ಮೊದಲು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ನಿಮಿಷ, ಆಮೇಲೆ 160ರಲ್ಲಿ ಸುಮಾರು ಒಂದು ಗಂಟೆ. ಗಡಿಯಾರವನ್ನು ಪೂರ್ತಿ ನಂಬಬೇಡಿ, ಓಟಿಜಿಗಳ ಶಾಖ ಒಂದೇ ಥರ ಇರುವುದಿಲ್ಲ. ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ಒಂದು ಕೊಂಡುಬಿಡಿ. ತೊಡೆಯ ದಪ್ಪ ಭಾಗಕ್ಕೆ, ಮೂಳೆಗೆ ತಾಗದಂತೆ ಚುಚ್ಚಿದಾಗ 65 ತೋರಿಸಿದರೆ ಹೊರಗೆ ತೆಗೆಯಿರಿ. ಕೂತಲ್ಲೇ ಇನ್ನೂ ನಾಲ್ಕೈದು ಡಿಗ್ರಿ ಏರುತ್ತದೆ. ಒಳಗೆ ಗುಲಾಬಿ ಬಣ್ಣ ಕಂಡರೆ ‘ಬೆಂದೇ ಇಲ್ಲ’ ಅನ್ನುವ ಮನೆಗಳಲ್ಲೂ ಇದನ್ನು ಒಪ್ಪುತ್ತಾರೆ.

ಕೆಡುವುದು 75ರಿಂದ 85ರ ನಡುವೆ. ಆ ಹೊತ್ತಿಗೆ ರಸ ಹಿಂಡಿಹೋಗಿರುತ್ತದೆ, ನಾರು ಇನ್ನೂ ಕರಗಿರುವುದಿಲ್ಲ. ನಿಮ್ಮದು ಅಲ್ಲಿಗೆ ಬಂದು ನಿಂತಿದ್ದರೂ ಆಶ್ಚರ್ಯವಿಲ್ಲ. ಮೂಳೆಯಿಂದ ತಾನೇ ಬಿಟ್ಟುಕೊಳ್ಳುವ ಹಾಗೆ ಬೇಕಾದರೆ ಮುಂಗಾಲು ತನ್ನಿ. ಅರ್ಧ ಲೋಟ ನೀರು ಹಾಕಿ, ಫಾಯಿಲ್ ಬಿಗಿಯಾಗಿ ಮುಚ್ಚಿ, 150ರಲ್ಲಿ ಮೂರು ಗಂಟೆ ಬಿಡಿ. ಕೊನೆಗೆ ಫಾಯಿಲ್ ತೆಗೆದು ಕೆಂಪಗೆ ಮಾಡಿ. ಓವನ್ ಇಲ್ಲದವರು ಕುಕ್ಕರಿನಲ್ಲಿ ಬೇಯಿಸಿ, ಕಬ್ಬಿಣದ ಬಾಣಲೆಯಲ್ಲಿ ಹುರಿದರೂ ಹೆಚ್ಚುಕಡಿಮೆ ಇದೇ ಮೃದುತನ ಸಿಗುತ್ತದೆ.

ತೊಡೆಯನ್ನು ಹೊರಗೆ ತೆಗೆದ ಮೇಲೆ 20 ನಿಮಿಷ ಮುಟ್ಟಬೇಡಿ. ಆಮೇಲೆ ಎಳೆಗಳು ಯಾವ ಕಡೆ ಓಡುತ್ತವೆ ನೋಡಿಕೊಂಡು, ಅಡ್ಡಕ್ಕೆ ತೆಳುವಾಗಿ ಕೊಯ್ಯಿರಿ. ತಟ್ಟೆಗೆ ಇಳಿದ ರಸವನ್ನು ಚೆಲ್ಲಬೇಡಿ, ಮುದ್ದೆಗೆ ಅದೇ ಸಾಕು.